ಒಗ್ಗರಣೆ ಸೌಟು

ಗಂಡ ಶಂಕರನಾರಾಯಣನ ಜೊತೆ ಅಹಮದಾಬಾದಿನ ಮಣಿನಗರ ಸ್ಟೇಷನ್ನಿನ ಹತ್ತಿರ ಇಪ್ಪತ್ತೆರಡು ವರ್ಷದಿಂದ ಹೋಟೆಲು ನಡೆಸುತ್ತಿರುವ ಕುಂದಾಪುರದ ಸರಸ್ವತಿ ಬೇಕಾದಷ್ಟು ಸಂಕಟ ಕಂಡವಳು. ಅಡುಗೆಯವರು ಹೇಳದೆ ಕೇಳದೆ ಊರಿಗೆ ಓಡಿದ್ದರು, ಮಳೆನೀರು ಉಗ್ರಾಣಕ್ಕೆ ನುಗ್ಗಿತ್ತು, ಕೊರೊನಾ ಬಂದು ಬಾಗಿಲೇ ಮುಚ್ಚಿಸಿತ್ತು. ಅವೆಲ್ಲ ಹೊರಗಿನಿಂದ ಬಂದವು. ಬೈಯಲು ಯಾರಾದರೂ ಸಿಗುತ್ತಿದ್ದರು. ಆ ಭಾನುವಾರದ್ದು ಮಾತ್ರ ಅವಳ ಕೈಯಾರೆ ಆದದ್ದು.

ಅವರ ಹೋಟೆಲಿನಲ್ಲಿ ಸಾಂಬಾರಿಗೆ ಎರಡು ದೊಡ್ಡ ಪಾತ್ರೆ. ಹಿಡಿಗೆ ಹಸಿರು ದಾರ ಕಟ್ಟಿದ್ದು ಜೈನರಿಗೆ: ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸು ಒಂದೂ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಕೆಲಸದವರ ಊಟದ ಹುರುಳಿ ಸಾರಿಗೆ ಸರಸ್ವತಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದಳು. ಸೌಟಿನ ತಳದ ಎಣ್ಣೆ ಹಾಳಾಗಬಾರದೆಂದು ಸೌಟನ್ನು ಪಕ್ಕದ ಪಾತ್ರೆಯಲ್ಲಿ ಅದ್ದಿದಳು. ಅಮ್ಮ ಕಲಿಸಿದ ಅಭ್ಯಾಸ, ಕೈ ತಾನಾಗಿ ಮಾಡುವ ಕೆಲಸ. ಚೊಂಯ್ ಎಂದರೂ ತಿಳಿಯಲಿಲ್ಲ. ಕಾಲು ಗಂಟೆಯ ಮೇಲೆ ಹಸಿರು ದಾರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಆ ಪಾತ್ರೆಯಿಂದ ಹನ್ನೊಂದು ಪ್ಲೇಟು ಹೋಗಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಂಡವರು ಹನ್ನೊಂದು ಮಂದಿ.

ಅವರಲ್ಲಿ ತಾರಾಬೆನ್ ಒಬ್ಬರು. ಎಪ್ಪತ್ತು ದಾಟಿದ ಆಕೆ ಮನೆಯ ಹೊರಗೆ ತಿನ್ನುತ್ತಿದ್ದದ್ದು ಇಲ್ಲಿ ಮಾತ್ರ, ಹದಿಮೂರು ವರ್ಷದಿಂದ, ಪ್ರತಿ ಭಾನುವಾರ.

ವಿಷಯ ಕೇಳಿದ ಶಂಕರನಾರಾಯಣ ದನಿ ತಗ್ಗಿಸಿದ. "ಸುಮ್ನಿರ್. ಅದನ್ನ ಚೆಲ್ಲಿ ಬೇರೆ ಮಾಡ್. ಯಾರಿಗೂ ಗೊತ್ತಾತಿಲ್ಲೆ. ಬಾಯಿಬಿಟ್ರೆ ನಾವ್ ಬಾಗ್ಲ್ ಹಾಕಂಡ್ ಊರಿಗೆ ಹೋಪುದೇ."

"ನಂಗೆ ಗೊತ್ತಾಯ್ತಲೆ," ಎಂದಳು ಸರಸ್ವತಿ.

ಅವಳು ಕೈ ಒರೆಸಿಕೊಂಡು ಹೊರಗೆ ಬಂದಳು. ಮೇಜುಗಳ ನಡುವೆ ನಿಂತು ತನ್ನ ಹರಕುಮುರುಕು ಗುಜರಾತಿಯಲ್ಲಿ ಎಲ್ಲವನ್ನೂ ಹೇಳಿದಳು: ಬೆಳ್ಳುಳ್ಳಿ, ಸೌಟು, ತನ್ನದೇ ಕೈ. ಕುರ್ಚಿಗಳು ಸರಿದವು. ಒಬ್ಬರು ಕೂಗಾಡಿದರು, ಇನ್ನೊಬ್ಬರು ಫೋನು ಎತ್ತಿ ಅವಳ ಮುಖಕ್ಕೆ ಹಿಡಿದರು. ತಾರಾಬೆನ್ ಬಾಯಿ ಮುಕ್ಕಳಿಸಿ, ಇವಳತ್ತ ತಿರುಗಿಯೂ ನೋಡದೆ ಹೊರಟುಹೋದರು. ಕೂಗಾಟಕ್ಕಿಂತ ಅದೇ ಅವಳಿಗೆ ಹೆಚ್ಚು ಉರಿಯಿತು.

ವಾರವಿಡೀ ಜೈನರು ಯಾರೂ ಒಳಗೆ ಬರಲಿಲ್ಲ. ಶಂಕರನಾರಾಯಣ ಹೆಂಡತಿಯೊಡನೆ ಮಾತು ಬಿಟ್ಟ. ಸರಸ್ವತಿ ಕೆಲಸದವರ ಅಡುಗೆಯನ್ನು ಹಿಂದಿನ ಅಂಗಳಕ್ಕೆ ಸಾಗಿಸಿ, ಆ ಸೌಟನ್ನೂ ಅಲ್ಲಿಯೇ ಮೊಳೆಗೆ ತೂಗುಹಾಕಿದಳು.

ಮುಂದಿನ ಭಾನುವಾರ ತಾರಾಬೆನ್ ನೆಟ್ಟಗೆ ಅಡುಗೆಮನೆಯ ಬಾಗಿಲಿಗೇ ಬಂದರು.

"ಒಂದು ಉಪವಾಸ ಮಾಡಿ ನನ್ನ ಪ್ರಾಯಶ್ಚಿತ್ತ ಮುಗಿಸಿದೆ," ಎಂದರು. "ಆ ಸೌಟು ಎಲ್ಲಿ?"

ಸರಸ್ವತಿ ಅಂಗಳದ ಗೋಡೆ ತೋರಿಸಿದಳು. ಅವರು ಹೋಗಿ ನೋಡಿ ಬಂದು, ತಮ್ಮ ಎಂದಿನ ಮೇಜಿನಲ್ಲಿ ಕುಳಿತರು. ಇಡ್ಲಿ ಸಾಂಬಾರನ್ನು ಸರಸ್ವತಿಯೇ ತಂದಿಟ್ಟಳು. ತಾರಾಬೆನ್ ಮೊದಲ ಚಮಚವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

ಹದಿಮೂರು ವರ್ಷದಲ್ಲಿ ಅವರು ಒಮ್ಮೆಯೂ ಮೂಸಿದವರಲ್ಲ. ಸರಸ್ವತಿಗೆ ದುಃಖ ಉಕ್ಕಿ ಬಂತು, ಆದರೂ ಅವಳು ಮೇಜಿನ ಪಕ್ಕದಿಂದ ಕದಲಲಿಲ್ಲ. ತಾರಾಬೆನ್ ತಿಂದರು.