ಎಡ ಜೇಬಿನ ಬಿರಡೆ

ಹಲ್ಲಿ ಲೊಚಗುಟ್ಟಿತೆಂದರೆ ಇವತ್ತಿಗೂ ನನ್ನ ಕೈ ತಾನಾಗಿ ಅಂಗಿಯ ಎಡ ಜೇಬಿಗೆ ಹೋಗುತ್ತದೆ. ಅಲ್ಲಿ ಕನ್ನಡಕದ ಡಬ್ಬಿ, ಒಂದು ಬಿಪಿ ಗುಳಿಗೆ, ಆ ಗುಳಿಗೆ ಕಳೆದುಹೋದರೆ ಇರಲೆಂದು ಇಟ್ಟುಕೊಂಡ ಇನ್ನೊಂದು ಗುಳಿಗೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಆದರೂ ಮುಟ್ಟಿ ನೋಡದೆ ಸಮಾಧಾನವಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಸಿರುಗುಪ್ಪದ ಸುತ್ತಿನ ಹೊಲಗಳಲ್ಲಿ ಪತಂಗ ಎಣಿಸುವ ಕೆಲಸಕ್ಕಿದ್ದೆ. ಹತ್ತಿ, ಶೇಂಗಾದ ಎಲೆ ತಿನ್ನುವ ಹುಳಕ್ಕೆ ರೆಕ್ಕೆ ಬಂದರೆ ಕಂದು ಪತಂಗ. ಅದರ ಹೆಣ್ಣು ಗಂಡನ್ನು ಕರೆಯಲು ಒಂದು ವಾಸನೆ ಬಿಡುತ್ತದೆ. ಮನುಷ್ಯರ ಮೂಗಿಗೆ ಅದು ಸಿಗದು. ಅಂಥದೇ ವಾಸನೆಯನ್ನು ತಯಾರಿಸಿ, ಬೆರಳ ತುದಿಯಷ್ಟು ರಬ್ಬರ್ ಬಿರಡೆಯಲ್ಲಿ ತುಂಬಿ ನಮಗೆ ಕಳಿಸುತ್ತಿದ್ದರು. ಬಿರಡೆಯನ್ನು ಡಬ್ಬಿಯಲ್ಲಿ ತೂಗುಹಾಕಿದರೆ ಗಂಡುಗಳು ಬಂದು ಬೀಳುತ್ತಿದ್ದವು. ಹೆಣ್ಣು ಹುಡುಕಿಕೊಂಡು ಹೊರಟು ಡಬ್ಬಿಯಲ್ಲಿ ಸತ್ತವರನ್ನು ಬೆಳಿಗ್ಗೆ ಎಣಿಸಿ ಬರೆಯುವುದು ನನ್ನ ನೌಕರಿ. ಮದುವೆಯಾಗದ ಇಪ್ಪತ್ತೊಂಬತ್ತರ ಗಂಡಿಗೆ ಇದಕ್ಕಿಂತ ಹುರುಪು ಕೊಡುವ ಕೆಲಸ ಇನ್ನಾವುದಿದ್ದೀತು!

ನಮ್ಮ ಸಾಹೇಬರು ಬದುವಿನ ಮೇಲೆ ಕೂತು ಹೇಳುತ್ತಿದ್ದರು: “ಹೆಣ್ಣು ಭಾಳ ಹೊತ್ತು ವಾಸನಿ ಬಿಡೂದಿಲ್ಲಪ್ಪಾ. ಸಾಸವಿಕಾಳಿಗಿಂತ ಸಣ್ಣ ಕಣಜ ಐತಿ, ಅದೂ ಆ ವಾಸನಿ ಹಿಡದ ಬರ್ತೈತಿ. ಬಂದು, ಇದು ತತ್ತಿ ಇಡೂದನ್ನ ಕಾಯ್ತೈತಿ. ಇದರ ತತ್ತಿಯೊಳಗ ತನ್ನ ತತ್ತಿ ಇಟ್ಟು ಹೋಕ್ಕೈತಿ. ಹುಡುಕ್ಕೊಂಡು ಬರೋ ಗಂಡಿಗೆ ಬಾವಲಿ ಕಾಟ ಬ್ಯಾರೆ. ಭಾಳ ಕರದದ್ದು ವೈರಿನ್ನೂ ಕರದಂಗಾತು. ಕರೀದ ಕುಂತದ್ದಕ್ಕ ಮಕ್ಕಳ ಇಲ್ಲ. ಈಗ ಉಳದಾವಲ್ಲ, ಅವೆಲ್ಲಾ ಹೆದರಿ ಹೆದರಿ ಒಂದೀಟು ಕರದವರ ಮಕ್ಕಳು.”

ಇದನ್ನು ಕೇಳಿ ನನಗೆ ಸಂತೋಷವಾಗಿತ್ತು. ಹೆದರುವವರಿಗೂ ವಂಶ ಉಂಟು ಎಂದಾಯಿತಲ್ಲ. ನನ್ನನ್ನು ಅಷ್ಟರಲ್ಲೇ ಎರಡು ಮನೆಯವರು ಬೇಡವೆಂದಿದ್ದರು. ಹುಡುಗನ ಮುಖದಲ್ಲಿ ಯಾರೋ ತೀರಿಕೊಂಡ ಕಳೆ ಇದೆ ಎಂದು ಒಬ್ಬರು ಹೇಳಿಕಳಿಸಿದ್ದರು.

ಮೂರನೆಯ ಮನೆ ಕುರುಗೋಡಿನದು. ಅಲ್ಲಿಗೆ ಹೆಣ್ಣು ನೋಡಲು ಹೊರಟ ದಿನ ಮಧ್ಯಾಹ್ನ ಡಬ್ಬಿಗಳ ಬಿರಡೆ ಬದಲಿಸಿದಾಗ ಹೊಸದೊಂದು ಉಳಿಯಿತು. ಎಲ್ಲಾದರೂ ಬಿದ್ದರೆ ಪತಂಗಗಳು ಅಲ್ಲಿಗೇ ಹೋಗಿ ಎಣಿಕೆ ಕೆಡುತ್ತದೆಂದು ಹೆದರಿ, ಕಾಗದದಲ್ಲಿ ಸುತ್ತಿ ಜೇಬಿಗಿಟ್ಟೆ. ಕುರುಗೋಡು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಸೋದರಮಾವ ಕಾಯುತ್ತಿದ್ದ. ಕೌಲ್ ಬಜಾರಿನಲ್ಲಿ ದರ್ಜಿ. ನನಗಾಗಿ ಬಿಳಿ ಅಂಗಿ ಹೊಲಿದು ತಂದಿದ್ದ. ಹೋಟೆಲಿನ ಹಿಂದೆ ನಿಂತು ಅಂಗಿ ಬದಲಿಸಿದೆ. ಪೆನ್ನು, ಬಾಚಣಿಗೆ, ಕಾಗದದ ಪೊಟ್ಟಣ, ಎಲ್ಲವನ್ನೂ ಹೊಸ ಅಂಗಿಯ ಎಡ ಜೇಬಿಗೆ ಹಾಕಿದೆ. ಏನಾದರೂ ಮರೆತೆನೇನೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡೆ.

ಮನೆ ಊರಂಚಿಗಿತ್ತು, ಹಿತ್ತಲಿಗೆ ಹತ್ತಿ ಹೊಲ. ಆಗಲೇ ದೀಪ ಹಚ್ಚಿದ್ದರು. ಪಡಸಾಲೆಯಲ್ಲಿ ಹುಡುಗಿಯ ಅಜ್ಜ ವಿಭೂತಿ ಧರಿಸಿ ಗೋಡೆಗೊರಗಿ ಕೂತಿದ್ದರು. ಆ ಮನೆಯಲ್ಲಿ ಅವರದೇ ಮಾತು. ಹುಡುಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಟ್ಟು ಎದುರು ಕೂತಳು.

“ಅಳಿಯಾ, ಏನರ ಕೇಳಲೇ,” ಎಂದು ಮಾವ ತಿವಿದ.

“ಏನು ಓದೀರಿ?”

“ಪಿಯುಸಿ ಮುಗದೈತ್ರಿ,” ಎಂದವಳು ತಲೆಯೆತ್ತಿ, “ನೀವು ಹುಳಾ ಎಣಸ್ತೀರಂತ. ಎಣಿಸಿ ಏನ್ಮಾಡ್ತೀರಿ?” ಎಂದಳು.

ನನ್ನ ಕೆಲಸದ ಬಗ್ಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ನಮ್ಮ ಮನೆಯವರೂ ಸಂಬಳವನ್ನಷ್ಟೇ ಕೇಳುತ್ತಿದ್ದರು. ಈ ಸಂಬಂಧ ಆಗಲೇಬೇಕು ಎಂದು ನನಗನ್ನಿಸಿದ್ದು ಆ ಕ್ಷಣದಲ್ಲಿ. ಅನ್ನಿಸಿದ್ದೇ ತಡ, ಕಳೆದುಕೊಳ್ಳುವ ಭಯ ಶುರುವಾಯಿತು.

ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ತೋಳಿನ ಮೇಲೆ ಒಂದು ಕಂದು ಪತಂಗ ಕೂತಿತು. ಬಲ್ಬನ್ನು ದಾಟಿ ಬಂದಿತ್ತು. ಇನ್ನೊಂದು ನೇರ ಜೇಬಿಗೇ ಬಂದು ರೆಕ್ಕೆ ಬಡಿಯತೊಡಗಿತು. ಮಾವ ಅದನ್ನು ಹೊಡೆದು, “ಹೊಸಾ ಬಟ್ಟಿ ವಾಸನಿಗೆ ಬಂದಾವ ನೋಡ್ರಿ,” ಎಂದ. ನನಗೆ ಪೊಟ್ಟಣದ ಬಿರಡೆ ನೆನಪಾಯಿತು. ಹೆಣ್ಣು ನೋಡಲು ಬಂದವನ ಜೇಬಿನಲ್ಲಿ ಇನ್ನೊಂದು ಹೆಣ್ಣಿನ ವಾಸನೆ! ಹೇಳುವುದು ಹೇಗೆ? ಕೈಕಟ್ಟಿ ಜೇಬು ಮುಚ್ಚಿ ಕೂತೆ. ಮೂರನೆಯದು ಬಂತು. ಹಿಂದಿನ ಗೋಡೆಯ ಮೇಲೆ ಏನೋ ಸರಿದ ಸದ್ದಾಯಿತು. ತಿರುಗಿ ನೋಡುವ ಮೊದಲೇ ತಣ್ಣಗಿನದೊಂದು ಪಟ್ಟನೆ ನನ್ನ ಎಡಭುಜದ ಮೇಲೆ ಬಿದ್ದು, ನೆಲಕ್ಕೆ ಜಿಗಿದು ಓಡಿತು.

ಹಲ್ಲಿ.

ಬಾಗಿಲ ಹಿಂದಿನಿಂದ ಹೆಂಗಸರ “ಶಿವಶಿವಾ” ಕೇಳಿತು. ಅಜ್ಜ ಗೂಡಿನಿಂದ ಪಂಚಾಂಗ ತೆಗೆದು, ಹಲ್ಲಿ ಬಿದ್ದ ಫಲದ ಪುಟದ ಮೇಲೆ ಬೆರಳಾಡಿಸಿದರು. “ಗಂಡಸಿಗೆ ಎಡಕ್ಕ ಬಿದ್ರ ಛಲೋ ಅಲ್ಲ. ಬಚ್ಚಲಕ್ಕ ನಡೀರಿ, ಮೈಮ್ಯಾಲೆ ನೀರು ಹಾಕ್ಕೊಳ್ರಿ. ಮಾತುಕತಿ ಇನ್ನೊಮ್ಮೆ ನೋಡೂಣು.”

ಇನ್ನೊಮ್ಮೆ ಎಂದರೆ ಏನೆಂದು ಎರಡು ಮನೆ ನೋಡಿ ಬಂದವನಿಗೆ ಗೊತ್ತಿತ್ತು. ಮಾವ ಚಪ್ಪಲಿಯ ಕಡೆ ನೋಡಿದ. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಹುಡುಗಿ ಉಳಿಯುತ್ತಿರಲಿಲ್ಲ.

“ಅಜ್ಜಾರ, ಅದು ಶಕುನ ಅಲ್ರಿ. ನನ್ನ ಜೇಬಿನಾಗ ವಾಸನಿ ಐತ್ರಿ.”

“ಎಂಥಾ ವಾಸನಿ?”

“ಹೆಣ್ಣಿಂದು.”

“ಹಾಳಾತು!” ಎಂದು ಮಾವ ತಲೆ ಹಿಡಿದುಕೊಂಡ.

“ಹೆಣ್ಣು ಹುಳದ್ದು! ಹುಳದ್ದ್ರೀ!” ಎಂದು ಕೂಗಿದೆ. ಗಂಡು ಪತಂಗ ವಾಸನೆಗೆ ಬಂದದ್ದು, ಹಲ್ಲಿ ಪತಂಗಕ್ಕೆ ಬಂದದ್ದು, ತೊದಲುತ್ತ ಎಲ್ಲ ಹೇಳಿದೆ. ಅಜ್ಜನ ಮುಖ ಬದಲಾಗಲಿಲ್ಲ.

“ಅಜ್ಜಾ,” ಎಂದಳು ಹುಡುಗಿ, “ಅದನ್ನ ಆ ಕತ್ತಲ ಮೂಲಿ ಗೂಡಿನಾಗ ಇಡಲಿ. ಹುಳಾ ಅಲ್ಲಿಗೆ ಹೋದ್ರ ಇವರು ಹೇಳಿದ್ದು ಖರೆ. ಇಲ್ಲಾಂದ್ರ ನಿನ್ನ ಪಂಚಾಂಗ ಖರೆ.”

ಬಿರಡೆಯನ್ನು ಇಟ್ಟೆ. ವಾಸನೆ ಅಂಗಿಗೂ ಹತ್ತಿರುತ್ತದಲ್ಲ, ಅದನ್ನೂ ಬಿಚ್ಚಿ ಪಕ್ಕಕ್ಕಿಟ್ಟೆ. ತೂತುಬಿದ್ದ ಬನಿಯನ್ನಿನಲ್ಲಿ ಬಂದು ಕೂತೆ. ಎಲ್ಲರೂ ಗೂಡನ್ನೇ ನೋಡುತ್ತಿದ್ದರು. ಏನೂ ಬರಲಿಲ್ಲ. ಮಂಡಕ್ಕಿ ಮೆತ್ತಗಾಯಿತು. ಗಾಳಿ ತಿರುಗಿತೋ? ಹಲ್ಲಿಗೆ ಹೆದರಿದವೋ? ಹೊಲದಲ್ಲಿ ನಿಜವಾದ ಹೆಣ್ಣುಗಳೇ ಕರೆಯಲು ಶುರುಮಾಡಿದವೋ? “ಬ್ಯಾರೆ ನೌಕರಿ ಸಿಗಲಿಲ್ಲೇನಲೇ ನಿನಗ?” ಎಂದು ಮಾವ ಕಿವಿಯಲ್ಲಿ ಉಸುರಿದ. ಅಜ್ಜ ಏಳಲೆಂದು ನೆಲಕ್ಕೆ ಕೈಯೂರಿದರು.

ಆಗ ಹಿತ್ತಲ ಬಾಗಿಲಿಂದ ಒಂದು ಬಂತು. ಅತ್ತಿತ್ತ ತೂರಾಡುತ್ತ ಬಲ್ಬಿನತ್ತ ಹೋಗದೆ ಕತ್ತಲ ಗೂಡಿಗೇ ಹೋಯಿತು. ಹಿಂದೆಯೇ ಇನ್ನೊಂದು. ಅಜ್ಜನ ಕೈ ನೆಲದ ಮೇಲೆಯೇ ನಿಂತಿತು. ಗೋಡೆಗುಂಟ ಹಲ್ಲಿ ಇಳಿಯಿತು, ನಿಂತಿತು, ಮತ್ತೆ ಇಳಿಯಿತು. ಹಲ್ಲಿ ಹಾರಿತು. ಒಂದು ಪತಂಗ ಅದರ ಬಾಯಲ್ಲಿ. ಇನ್ನೊಂದು ರೆಕ್ಕೆ ಮಡಚಿ ಕಾಳು ಬಿದ್ದಂತೆ ನೆಲಕ್ಕೆ ಬಿದ್ದು, ಸಂದಿ ಹಿಡಿದು ತಪ್ಪಿಸಿಕೊಂಡಿತು.

ಅಜ್ಜ ಪಂಚಾಂಗ ಮುಚ್ಚಿದರು. “ಅದಕ್ಕ ಹಸಿವಾಗಿತ್ತು ಬಿಡಪ್ಪಾ,” ಎಂದರು. ಪುಸ್ತಕ ಬದಿಗಿಟ್ಟು, “ಹುಡುಗಿ ಏನಂತಾಳ ಕೇಳ್ರಿ,” ಎಂದರು.

ಅವಳು ನನ್ನನ್ನು ನೋಡಲಿಲ್ಲ. “ಆ ರಬ್ಬರ ಇಲ್ಲೇ ಬಿಟ್ಟು ಹೋಗ್ಲಿ. ಎಷ್ಟು ಬರ್ತಾವ ಎಣಿಸಿ ತಿಳಸ್ತೀನಿ.”

ಇದು ಹೌದೋ, ಅಲ್ಲವೋ? ಬಸ್ಸಿನಲ್ಲಿ ಸಿರಿಗೇರಿ ದಾಟುವವರೆಗೂ ಅದನ್ನೇ ಯೋಚಿಸಿದೆ. ಆಮೇಲೆ ಸರಕಾರಿ ಬಿರಡೆಗೆ ಸಾಹೇಬರಿಗೆ ಏನು ಉತ್ತರ ಹೇಳಲಿ ಎಂದು ಯೋಚಿಸಿದೆ. ವಾರದೊಳಗೆ ಒಂದು ಕಾರ್ಡು ಬಂತು. ಕ್ಷೇಮ ಸಮಾಚಾರ ಏನೂ ಇರಲಿಲ್ಲ. ಒಟ್ಟು ಬಂದದ್ದು ಮೂವತ್ತೊಂದು, ಹಲ್ಲಿ ತಿಂದದ್ದು ಒಂಬತ್ತು, ಉಳಿದವು ಹಾರಿಹೋದವು. ಕೆಳಗೆ ಒಂದು ಸಾಲು: “ಹೆದರಿ ಕೆಳಗೆ ಬಿದ್ದವೆಲ್ಲ ಉಳಿದುಕೊಂಡಿವೆ, ಅಜ್ಜ ಪಂಚಾಂಗದಲ್ಲಿ ಒಳ್ಳೆಯ ದಿನ ನೋಡುತ್ತಿದ್ದಾರೆ.”