ದಿಬ್ಬದ ಮೇಲಿನ ಕುರ್ಚಿ

ಅಸಂಪ್ಟಾ ಕಾನ್ಸಿಡಿನ್ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಕ್ಲೇರ್ ಸೀಮೆಯ ಕಲ್ಲುಗೋಡೆಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ನಡುವಿನ ಹೊತ್ತಿನಲ್ಲಿ ಬಸ್ಸಿನಲ್ಲೇ ಕೂತು, ಸ್ಟೀರಿಂಗಿಗೆ ಹಲಗೆ ಒರಗಿಸಿಕೊಂಡು ಕಿನ್ನರರ ಕಥೆ ಬರೆಯುತ್ತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಯಾರ ತಂಟೆಗೂ ಹೋಗುವವಳಲ್ಲ. ಐವತ್ತು ದಾಟಿದ ಮೇಲೆ ಆ ಕಥೆಗಳು ಅಚ್ಚಾದವು. ಹದಿಹರೆಯದ ಹುಡುಗಿಯರು ಮುಗಿಬಿದ್ದು ಓದಿದರು. ಊರವರು ಮಾತ್ರ, "ಏನಮ್ಮಾ, ಬಸ್ಸು ಹಾರಿಸ್ಕೊಂಡು ಬರೋದು ಯಾವಾಗ?" ಎಂದು ಕಾಲೆಳೆದರು.

ಮೊದಲ ಸರಣಿಯಲ್ಲಿ ರಾಜ, ರಾಣಿ, ಯುದ್ಧ ಎಲ್ಲವೂ ಇತ್ತು. ಆದರೆ ಹುಡುಗಿಯರು ಮನಸೋತದ್ದು ಯಾವುದೋ ಮೂಲೆಯಲ್ಲಿ ಬಂದುಹೋದ ಒಂದು ಪುಟಾಣಿಗೆ: ದಿಬ್ಬದ ಮುಳ್ಳುಮರದಡಿ ಮಲಗಿರುವ, ಹೆಸರಿಲ್ಲದ ಕಿನ್ನರಿ ಮಗುವಿಗೆ. ಅದರದ್ದೇ ಬೇರೆ ಸರಣಿ ಮಾಡಿ ಎಂದು ಡಬ್ಲಿನ್ನಿನ ಪ್ರಕಾಶಕರು ದುಂಬಾಲು ಬಿದ್ದರು. ಮಾಡಿದಳು. ದಿಬ್ಬದ ಮೇಲೆ ಕುಣಿಯುತ್ತ ಯಾವುದಾದರೊಂದು ಹೆಸರು ಕೂಗಬೇಕು. ಹೆಸರು ಹಿಡಿಸಿದರೆ ಮಗು ಎದ್ದು ಬರುತ್ತದೆ. ಇದಿಷ್ಟು ಅವಳೇ ಕಟ್ಟಿದ್ದು. ಮಗುವನ್ನು ಮಾತ್ರ ಕಟ್ಟಿದ್ದಲ್ಲ, ಕೇಳಿದ್ದು.

ಕೇಳಿದ್ದು ಪಕ್ಕದ ಹೊಲದ ನೋನಿ ಹೆಹಿರ್ ಬಾಯಿಂದ. ಅಸಂಪ್ಟಾ ಚಿಕ್ಕವಳಿದ್ದಾಗ ಆ ಹೊಲದ ದಿಬ್ಬ ಹತ್ತಿಳಿದು ಮನೆಗೆ ಓಡುತ್ತಿದ್ದಳು; ನೋನಿ ಕಿವಿ ಹಿಡಿದು ಎಳೆದಿದ್ದಳು. "ಅಲ್ಲಿ ಕಾಲಿಡ್ಬೇಡ ಕಣೇ! ಒಳ್ಳೆಯವ್ರ ಜಾಗ ಅದು. ಪುಟ್ಟದೊಂದು ಮಲಗಿದೆ. ಹೆಸರೂ ಇಲ್ಲ ಅದಕ್ಕೆ. ಎಬ್ಬಿಸ್ಬೇಡ."

ಹಾವನ್ನು ಹುಳ ಅನ್ನುವ ಹಾಗೆ, ಆ ಕಡೆ ಕಿನ್ನರರನ್ನು ಒಳ್ಳೆಯವರು ಎಂದೇ ಅನ್ನುತ್ತಾರೆ. ಅಸಂಪ್ಟಾಳ ತಾಯಿಯೂ ಅಷ್ಟೇ. ಎರಡೂ ಕೈಯಲ್ಲಿ ಹಾಲಿನ ಕ್ಯಾನು, ಬಾಯಲ್ಲಿ ಏದುಸಿರು. ಆದರೂ ದಿಬ್ಬವನ್ನು ಬಳಸಿಕೊಂಡೇ ಹೋಗುತ್ತಿದ್ದಳು, ಒಂದು ದಿನವೂ ಅಡ್ಡ ಹಾಯ್ದವಳಲ್ಲ. ಮಗಳು ಅದನ್ನೂ ಬಿಟ್ಟಳೇ? ಹೊಸ ಸರಣಿಯ ಮೊದಲ ಪುಸ್ತಕದಲ್ಲೇ ಕ್ಯಾನು ಹೊತ್ತು ದಿಬ್ಬ ಸುತ್ತುವ ಪುಕ್ಕಲು ಹೆಂಗಸೊಬ್ಬಳನ್ನು ತಂದು ಓದುವವರನ್ನು ನಗಿಸಿದಳು. ತಾಯಿ ಸತ್ತು ಬಹಳ ವರ್ಷವಾಗಿತ್ತು, ಕೇಳುವವರು ಯಾರು!

ಆ ಸರಣಿಯ ಎರಡನೆಯ ಪುಸ್ತಕದ ಬಿಡುಗಡೆಯನ್ನು ಆ ದಿಬ್ಬದ ಮೇಲೆಯೇ ಮಾಡೋಣ ಎಂದರು ಪ್ರಕಾಶಕರು. ಹೊಲ ನೋಡಿಕೊಳ್ಳುತ್ತಿದ್ದವನು ನೋನಿಯ ಅಣ್ಣನ ಮಗ ಫ್ಲಾನ್. ಅವನು "ಅದಕ್ಕೇನಂತೆ, ಗೇಟು ಹಾಕ್ಕೊಂಡು ಹೋದ್ರಾಯ್ತು" ಎಂದ. ನೋನಿಯನ್ನು ಕೇಳಬೇಕೆಂದು ಅಸಂಪ್ಟಾಳಿಗೆ ಹೊಳೆಯಲಿಲ್ಲವೋ, ಕೇಳಿದರೆ ಬೇಡ ಅಂದಾಳೆಂದು ಸುಮ್ಮನಾದಳೋ, ಅದು ಅವಳಿಗೇ ಗೊತ್ತು.

ಮೇ ತಿಂಗಳು, ಮುಳ್ಳುಮರ ಬೆಳ್ಳಗೆ ಹೂಬಿಟ್ಟಿತ್ತು. ಬೆನ್ನಿಗೆ ಬಲೆಬಟ್ಟೆಯ ರೆಕ್ಕೆ ಕಟ್ಟಿಕೊಂಡ ಹುಡುಗಿಯರು ಬಸ್ಸುಗಟ್ಟಲೆ ಬಂದಿಳಿದರು. ನೋಡಿದರೆ, ಮರದ ಪಕ್ಕದಲ್ಲೇ ನೋನಿ ಅಡುಗೆಮನೆಯ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ತೊಂಬತ್ತರ ಹತ್ತಿರದ ಮುದುಕಿ. ಆ ಕುರ್ಚಿಯನ್ನು ಹೇಗೆ ಹೊತ್ತು ತಂದಳೋ!

"ಆ ಅಜ್ಜೀನ ಸ್ವಲ್ಪ ಆ ಕಡೆ ಕೂರಿಸ್ತೀರಾ? ಫೋಟೋಗೆ ಅಡ್ಡ ಬರ್ತಾರೆ" ಎಂದಳು ಪ್ರಕಾಶಕರ ಕಡೆಯ ಹುಡುಗಿ.

ಅಸಂಪ್ಟಾ ಹೋಗಿ ಬಗ್ಗಿದಳು. "ನೋನಿ, ಬನ್ನಿ, ನೆರಳಲ್ಲಿ ಕೂರೋರಂತೆ. ಟೀ ಕೊಡಿಸ್ತೀನಿ."

"ನಾನೆದ್ರೆ ಇಲ್ಲಿ ತುಳೀತಾರೆ."

"ಇಲ್ಲೇನಿದೆ?"

"ನನ್ನ ಕೇಳ್ತೀಯಲ್ಲೇ, ಪುಸ್ತಕ ಬರೆದೋಳು ನೀನು." ಕುರ್ಚಿಯ ಕೆಳಗೆ ಹುಲ್ಲಿನಲ್ಲಿ ಹುದುಗಿದ ಒಂದು ಚಪ್ಪಟೆ ಕಲ್ಲಿತ್ತು. ನೋನಿ ಅದನ್ನು ಕೋಲಿನಿಂದ ಮುಟ್ಟಿದಳು. "ನನ್ನ ಪುಟ್ಟದು. ಫಾದರ್ ಬಂದು ತಲೆಗೆ ನೀರು ಹಾಕಿ ಹೆಸರಿಡೋಕ್ ಮುಂಚೆನೇ ಹೋಯ್ತು. ನೀರು ಬೀಳದ ಮಗೂಗೆ ಚರ್ಚಿನ ಮಣ್ಣಿಲ್ಲ ಅಂದ್ರು. ನನ್ನ ಗಂಡ ಮಾರ್ಟಿನ್ ಸೋಪಿನ ಪೆಟ್ಟಿಗೇಲಿಟ್ಕೊಂಡು, ಬೆಳಕು ಹರಿಯೋಕ್ ಮುಂಚೆ ಒಬ್ನೇ ತಂದಿಟ್ಟ. ನಂಗೆ ಮುಖಾನೂ ತೋರಿಸ್ಲಿಲ್ಲ."

ಅಸಂಪ್ಟಾ ಕಾಲು ಹಿಂದಕ್ಕೆ ತೆಗೆದಳು. "ಮತ್ತೆ... ಒಳ್ಳೆಯವ್ರು?"

"ಅವರಿದ್ದಾರೋ ಇಲ್ವೋ, ನಾನೇನು ಕಂಡೆ? ಮಗೂನ ಹೂತಿದೀವಿ ಅಂತ ಬಾಯಿಬಿಟ್ಟು ಹೇಳೋ ಹಾಗಿತ್ತಾ ಆಗ? ಒಳ್ಳೆಯವ್ರು ಅಂದ್ರೆ ಜನ ಹೆದರ್ತಿದ್ರು, ಕಾಲಿಡ್ತಿರ್ಲಿಲ್ಲ. ಆ ಹೆದರಿಕೆನೇ ಬೇಲಿ ಕಣೇ. ನೀನು ಕಿತ್ತಾಕ್ದೆ."

ಬೈದಿದ್ದರೆ ವಾಸಿಯಿತ್ತು. ನೋನಿ ಬೈಯಲಿಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅಸಂಪ್ಟಾಳಿಗೆ. ಆ ಭೂಮಿಯ ಮೇಲೆ ನಿಂತು ಹಾಗೆ ಅಂದುಕೊಂಡದ್ದಕ್ಕೂ ನಾಚಿಕೆಯಾಯಿತು. ಅಷ್ಟರಲ್ಲಿ ಹುಡುಗಿಯರು ದಿಬ್ಬ ಹತ್ತಿ ಕುಣಿಯತೊಡಗಿದ್ದರು. "ನೂಲಾ! ಸೇಡಿ! ಎಟ್ನಾ! ಏಳು ಪುಟ್ಟಾ, ಏಳು!"

ಅಸಂಪ್ಟಾ ಓಡಿಹೋಗಿ ಪ್ರಕಾಶಕರ ಕಡೆಯ ಹುಡುಗಿಯ ಕೈಯಿಂದ ಮೈಕು ಕಿತ್ತುಕೊಂಡಳು. ಕಿತ್ತುಕೊಂಡು ಹೇಳುವುದಾದರೂ ಏನನ್ನು? ನೋನಿ ಜೀವಮಾನವಿಡೀ ಎದೆಯಲ್ಲಿಟ್ಟುಕೊಂಡದ್ದನ್ನು ಡಂಗುರ ಸಾರಲಾದೀತೇ? ಬಾಯಿಗೆ ಬಂದದ್ದು ಅದೇ ಹಳೆಯ ಮಾತು.

"ಕೆಳಗಿಳೀರಿ ಮಕ್ಕಳಾ! ಇದು ಒಳ್ಳೆಯವ್ರ ಜಾಗ. ಸಿಟ್ಟಾಗ್ತಾರೆ, ಒಳ್ಳೇದಾಗಲ್ಲ!"

ಹುಡುಗಿಯರು ಹೋ ಎಂದು ಚಪ್ಪಾಳೆ ತಟ್ಟಿದರು. ಇದೂ ಆಟದ ಭಾಗವೆಂದುಕೊಂಡು ಇನ್ನೂ ಜೋರಾಗಿ ಕುಣಿದರು. ಅವರದೇನು ತಪ್ಪು? ಸಿಟ್ಟೇ ಬಾರದ, ಮಿಂಚುಪುಡಿ ಉದುರಿಸುವ ಕಿನ್ನರರನ್ನು ಅವರಿಗೆ ಕಲಿಸಿಕೊಟ್ಟವಳು ಇವಳೇ ತಾನೆ. ಮತ್ತೆ ಮತ್ತೆ ಕೂಗಿದಳು, ಗಂಟಲು ಬಿದ್ದುಹೋಯಿತು. ಮೈಕು ಎಸೆದು ನೋನಿಯ ಹತ್ತಿರ ಓಡಿ ಬಂದಳು.

"ನೋನಿ, ನನ್ನಿಂದ ದೊಡ್ಡ ತಪ್ಪಾಗಿ ಹೋಯ್ತು. ನೀವು ಮನೆಗೆ ನಡೀರಿ. ಇವರೆಲ್ಲ ಹೋಗೋ ತನಕ ಕಲ್ಲಿನ ಮೇಲೆ ನಾನು ಕೂರ್ತೀನಿ."

"ಬೇಡ. ಇದು ನಂದು, ನಾನು ನೋಡ್ಕೋತೀನಿ" ಎಂದಳು ನೋನಿ. ಕೋಲು ಪಕ್ಕಕ್ಕೆ ಚಾಚಿತು. ಅಲ್ಲಿಯೂ ಹುಲ್ಲಿನಲ್ಲಿ ಒಂದು ಚಪ್ಪಟೆ ಕಲ್ಲು, ಇನ್ನೂ ಸಣ್ಣದು. "ನೀನು ಅಲ್ಲಿ ಕೂರು."

"ಅದು ಯಾರದು?"

ನೋನಿ ಅವಳ ಮುಖವನ್ನೇ ನೋಡಿದಳು. "ನಿಮ್ಮಮ್ಮ ಕ್ಯಾನು ಹೊತ್ಕೊಂಡು ಸುಮ್ಸುಮ್ನೆ ಸುತ್ತಾಕ್ತಿದ್ಲು ಅನ್ಕೊಂಡ್ಯಾ? ನೀನು ಹುಟ್ಟೋಕ್ ಮುಂಚಿಂದು ಅದು."

ಅಸಂಪ್ಟಾ ಅದರ ಪಕ್ಕ ಕೂತಳು. ಲಂಗದ ಅಂಚನ್ನು ಎಳೆದೆಳೆದು ಕಲ್ಲಿನ ಮೇಲೆ ಹರಡಿದಳು. ಎದುರಿಗೆ ಬಂದು ನಿಂತ ಹುಡುಗಿಯೊಬ್ಬಳು, ಕುಣಿದು ಕೆಂಪಾದ ಮುಖದವಳು, ಪುಸ್ತಕ ಬಿಡಿಸಿ ಪೆನ್ನು ಚಾಚಿದಳು.

"ಈ ಪುಟಕ್ಕೆ ಸಹಿ ಹಾಕ್ತೀರಾ ಮ್ಯಾಮ್? ಕ್ಯಾನಿನ ಹೆಂಗಸು ಬರೋದು. ನಾವು ಬಸ್ಸಲ್ಲಿ ಓದಿ ಓದಿ ನಕ್ಕಿದ್ದೇ ನಕ್ಕಿದ್ದು."

ಅಸಂಪ್ಟಾ ಪೆನ್ನು ತೆಗೆದುಕೊಳ್ಳಲಿಲ್ಲ. ಅವಳ ಎರಡೂ ಕೈ ಕಲ್ಲಿನ ಮೇಲಿದ್ದವು.