ಹದಿನಾಲ್ಕು ಗೀಟಿನ ಇಲಿ

ತುಮಕೂರಿನ ಒಂದು ಲ್ಯಾಬಿನಲ್ಲಿ ಇಲಿ ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲೇ ಸದಾಶಿವನಗರದಲ್ಲಿರುವ ಮಗಳ ಮನೆಯಿಂದ ನಡೆದೇ ಹೋಗುತ್ತೇನೆ. ಪಂಜರದ ಹೊಟ್ಟು ಬದಲಿಸಬೇಕು, ನೀರಿನ ಬಾಟಲಿ ತೊಳೆಯಬೇಕು, ಬೆಳಿಗ್ಗೆ ಹೆಣ್ಣಿಲಿಗಳ ಬಾಲ ಎತ್ತಿ ನೋಡಬೇಕು. ಗಂಡಿನ ಜೊತೆ ಕೂಡಿದ್ದರೆ ಕೆಳಗೆ ಬೆಳ್ಳಗೆ ಬಿರಡೆಯ ಹಾಗೆ ಗಟ್ಟಿ ಕಟ್ಟಿರುತ್ತದೆ. ಅದು ಕಂಡರೆ ಬಸುರಿನ ಲೆಕ್ಕ ಶುರು. ದನ ಕಟ್ಟಿ ಬಾಳಿದವಳು ನಾನು, ಇದರಲ್ಲಿ ನಾಚುವುದೇನಿದೆ.

ಆ ಇಲಿಗಳ ಮೇಲೆ ಗುಬ್ಬಿಯ ಒಬ್ಬ ಹುಡುಗಿ ದೊಡ್ಡ ಓದು ಓದುತ್ತಿದ್ದಳು. ಇಲಿಯ ವಂಶದಿಂದ ಏನೋ ಒಂದನ್ನು ತೆಗೆದುಹಾಕಿ, ಹೊಟ್ಟೆಯೊಳಗಿನ ಮರಿಯ ಹೃದಯದಲ್ಲಿ ತೂತು ಉಳಿಯುತ್ತದೆಯೇ ಎಂದು ನೋಡುತ್ತಿದ್ದಳು. ತೂತು ಮುಚ್ಚುವ ವಿದ್ಯೆ ಇರಬೇಕೆಂದುಕೊಂಡಿದ್ದೆ. ಇವಳು ನೋಡಿದರೆ ತೂತು ಮಾಡುವವಳು. ಯಾಕೆ ಎಂದರೆ, ಹೇಗಾಗುತ್ತದೆ ಎಂದು ತಿಳಿದರೆ ತಾನೇ ಮುಂದಿನದು ಎಂದಳು. ತಲೆಯಾಡಿಸಿದೆ. ತಿಳಿಯಲಿಲ್ಲ. ಕುಣಿಗಲ್ ಕಡೆಯ ಕೊತ್ತಗೆರೆಯಲ್ಲಿ ಹನ್ನೆರಡು ದಿನ ಇದ್ದು ಹೋದ ನನ್ನ ಮೊದಲ ಕೂಸಿನ ನೀಲಿ ತುಟಿ ನೆನಪಾಯಿತು. ಬಾಟಲಿ ತೊಳೆಯಲು ಹೋದೆ.

ಅಕ್ಕನ ಮದುವೆಗೆ ಊರಿಗೆ ಹೊರಟಾಗ ಆ ಹುಡುಗಿ ಬಸುರಿನ ದಿನ ಬರೆಯುವ ಪಂಜರದ ಕಾರ್ಡುಗಳನ್ನು ನನಗೆ ಒಪ್ಪಿಸಿದಳು. ನನಗೆ ತಾರೀಖು ಬರೆಯಲು ಬಾರದು. ದಿನಕ್ಕೊಂದು ಗೀಟು ಎಳೆದರೆ ಸಾಕು, ಹದಿನಾಲ್ಕು ಗೀಟು ತುಂಬಿದ ದಿನ ತಾನೇ ಬಂದು ಹೊಟ್ಟೆ ಕೊಯ್ದು ಮರಿ ತೆಗೆಯುತ್ತೇನೆ ಎಂದಳು. ಎಳೆದೆ. ಬಂದಳು, ತೆಗೆದಳು, ಮರಿಗಳನ್ನು ಅಯೋಡಿನ್‌ನಲ್ಲಿ ನೆನೆಸಿ ಸ್ಕ್ಯಾನ್ ಮಿಷಿನ್ನಿಗೆ ಇಟ್ಟಳು.

ಎಲ್ಲ ಮರಿಗಳ ಹೃದಯದಲ್ಲೂ ತೂತು. ವಂಶದಿಂದ ಏನೂ ತೆಗೆಯದ, ಸರಿಯಾಗಿರಬೇಕಾದ ಮರಿಗಳಲ್ಲೂ ತೂತು. ತಳಿಯೇ ಕೆಟ್ಟಿದೆ, ಸಂಜೆಯೊಳಗೆ ಪಂಜರಗಳನ್ನೆಲ್ಲ ಖಾಲಿ ಮಾಡಿ ಎಂದರು ಅವಳಿಗೆ ಓದು ಹೇಳುವ ಸಾರ್. ಖಾಲಿ ಮಾಡುವುದೆಂದರೆ ಕೊಲ್ಲುವುದು. ಇಲಿ ಹೋದರೆ ಅವಳ ಮೂರು ವರ್ಷದ ಓದೂ ಹೋಯಿತು.

ನೆಲ ಒರೆಸಲು ಹೋದಾಗ ಕಂಪ್ಯೂಟರಿನ ಮುಂದೆ ಮೂಗು ಒರೆಸಿಕೊಳ್ಳುತ್ತ ಕೂತಿದ್ದಳು. ನನಗೂ ತೋರಿಸು ಎಂದೆ. ಮರಿ ಬೂದು ಬಣ್ಣದಲ್ಲಿ ತಿರುಗುತ್ತಿತ್ತು. ಸೌತೆಕಾಯಿ ಹೆಚ್ಚಿದ ಹಾಗೆ ಅದನ್ನು ಬಿಲ್ಲೆ ಬಿಲ್ಲೆಯಾಗಿ ತೋರಿಸಿದಳು. ಎದೆಯಲ್ಲಿ ಎರಡು ಕೋಣೆ, ನಡುವೆ ಗೋಡೆ, ಗೋಡೆಯ ಮೇಲ್ತುದಿಯಲ್ಲಿ ಸಂದು. ನನಗೆ ಅದು ತೂತು ಅನ್ನಿಸಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ನನ್ನ ಕಣ್ಣು ಅದರ ಕಾಲಿನ ಮೇಲೆ ಬಿತ್ತು.

"ಇದಕ್ಕೆ ಬೆರಳೇ ಬಿಟ್ಟಿಲ್ವಲ್ಲವ್ವ. ಮುಂಚೆ ನೀನು ತೆಗೀತಿದ್ದ ಮರಿಗಳಿಗೆ ಮುಂಗಾಲಲ್ಲಿ ಬೆರಳು ಬಿಡಿಬಿಡಿಯಾಗಿರೋವು. ಇದು ಬಾತುಕೋಳಿ ಕಾಲಿದ್ದಂಗದೆ."

ಅವಳು ಮೂಗು ಒರೆಸುವುದನ್ನು ನಿಲ್ಲಿಸಿದಳು.

"ಅಜ್ಜಿ, ಮೊದಲನೇ ಗೀಟು ಯಾವತ್ತು ಎಳೆದ್ರಿ?"

"ಬಿರಡೆ ಕಂಡ ದಿವ್ಸಾನೇ. ಇನ್ಯಾವತ್ತು ಎಳೀತಾರೆ?"

ನಮ್ಮಲ್ಲಿ ಮುಟ್ಟಾದ ದಿನವೇ ಒಂದು, ನಾಲ್ಕನೆಯ ದಿನ ನೀರು ಹುಯ್ದುಕೊಳ್ಳುವುದು. ಹುಟ್ಟು, ಸೂತಕ, ಎಲ್ಲಕ್ಕೂ ಹಾಗೆಯೇ ಎಣಿಸಿಕೊಂಡು ಬಂದವಳು ನಾನು. ಅವರಲ್ಲಿ ಬಿರಡೆ ಕಂಡ ದಿನ ಲೆಕ್ಕಕ್ಕಿಲ್ಲವಂತೆ. ಮಾರನೆಯ ಬೆಳಿಗ್ಗೆಗೆ ಒಂದು. ಹೃದಯದ ಗೋಡೆ ಮುಚ್ಚಿಕೊಳ್ಳುವುದು ಸರಿಯಾಗಿ ಅವರ ಲೆಕ್ಕದ ಹದಿನಾಲ್ಕನೆಯ ದಿನದ ಹೊತ್ತಿಗಂತೆ. ನನ್ನ ಗೀಟು ನಂಬಿ ಒಂದು ದಿನ ಮುಂಚೆಯೇ ತೆಗೆದಿದ್ದಾಳೆ. ಇದನ್ನು ನಿಮಗೆ ಹೇಳಿದ್ದೆ ಎಂದಳು. ಹೇಳಿದ್ದಳೋ ಏನೋ, ನನಗೆ ನೆನಪಿಲ್ಲ.

ಸಾರ್ ಹತ್ತಿರ ನಾನೇ ಹೋದೆ, ಹುಡುಗಿ ಹಿಂದೆಯೇ ಬಂದಳು.

"ತಪ್ಪು ಗೀಟು ಎಳೆದೋಳು ನಾನು ಸಾರ್. ಇಲಿ ಏನು ಮಾಡ್ತು?"

ಅವರು ನನ್ನನ್ನೂ ಹುಡುಗಿಯನ್ನೂ ನೋಡಿದರು. ಇನ್ನೊಂದು ಬಸುರಿ ಇಲಿಯ ಮರಿಗಳನ್ನು ಸರಿಯಾದ ದಿನಕ್ಕೆ ತೆಗೆದು ನೋಡಿ, ಆಮೇಲೆ ಹೇಳುತ್ತೇನೆ ಎಂದರು. ಆ ಸಲ ಗೀಟನ್ನು ಅವಳೇ ಎಳೆದಳು. ಏನೂ ತೆಗೆಯದ ಮರಿಗಳಲ್ಲಿ ಗೋಡೆ ಮುಚ್ಚಿತ್ತು, ಉಳಿದವುಗಳಲ್ಲಿ ತೂತು ಹಾಗೇ ಇತ್ತು. ಪಂಜರಗಳು ಉಳಿದವು. ಹುಡುಗಿ ಆ ತೂತನ್ನು ತೋರಿಸಿ ನಕ್ಕಳು. ತೂತು ನೋಡಿ ನಗುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ.

ಅವತ್ತು ನನ್ನ ಕೂಸಿನ ವಿಷಯ ಹೇಳಿದೆ. ತಿಂಗಳ ಲೆಕ್ಕ ತಪ್ಪಿ, ಹೊರೆ ಹೊತ್ತು, ಬಲಿಯದ ಕೂಸನ್ನು ಹೆತ್ತಳು ಎಂದು ಅತ್ತೆ ಸಾಯುವ ತನಕ ಅನ್ನುತ್ತಿದ್ದಳು. ಆ ಕೂಸಿನ ಗೋಡೆಯೂ ಮುಚ್ಚಲು ಒಂದಷ್ಟು ದಿನ ಬಾಕಿ ಇತ್ತೇನೋ ಎಂದು ಕೇಳಿದೆ.

"ಇಲ್ಲ ಅಜ್ಜಿ. ಮನುಷ್ಯರಲ್ಲಿ ಆ ಗೋಡೆ ಬಸುರಿನ ಎರಡು ತಿಂಗಳಿಗೇ ಮುಚ್ಚುತ್ತೆ. ನೀವು ಹೊರೆ ಹೊತ್ತಿದ್ದಕ್ಕೆ ತೂತು ಆಗಲ್ಲ. ಇತ್ತೋ ಇಲ್ವೋ, ಅದನ್ನ ನೋಡದೆ ಯಾರೂ ಹೇಳಕ್ಕಾಗಲ್ಲ."

ಹಾಗಾದರೆ ಅತ್ತೆ ಅಷ್ಟು ವರ್ಷ ಅಂದಿದ್ದು ಯಾತಕ್ಕೆ, ನಾನು ಕೇಳಿಸಿಕೊಂಡಿದ್ದು ಯಾತಕ್ಕೆ. ಮತ್ತೆ ಕೇಳುವಷ್ಟರಲ್ಲಿ ಹುಡುಗಿ ಮಿಷಿನ್ ಹತ್ತಿರ ಹೋಗಿದ್ದಳು.

ಈಗ ಬಿರಡೆ ಕಂಡ ದಿನ ಕಾರ್ಡಿಗೆ ಸೊನ್ನೆ ಹಾಕುತ್ತೇನೆ, ಮಾರನೆಯ ದಿನದಿಂದ ಗೀಟು. ಬಸುರಾದ ದಿನ ಸೊನ್ನೆ ಹೇಗಾಗುತ್ತದೋ ತಲೆಗೆ ಹತ್ತಿಲ್ಲ. ಹಾಕು ಅಂದರು, ಹಾಕುತ್ತೇನೆ.